ಐದು ಸ್ಟಾರ್‌ನ ಒಳಗೆ ಏನಿದೆ: ಪುಟ್ಟ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವ ಮುನ್ನ ನಾನು ಓದಿದ್ದು

ಕಾರು ನೋಡಲು ಹೋದ ನಮ್ಮ ಜನ ಮೊದಲು ಮಾಡುವ ಕೆಲಸ ಬಾಗಿಲನ್ನು ಬೆರಳಿನ ಗಿಣ್ಣಿನಿಂದ ಕುಟ್ಟಿ ನೋಡುವುದು. ಸದ್ದು ಟಣ್ ಅಂದರೆ ತೆಳು, ದಪ್ ಅಂದರೆ ಗಟ್ಟಿ ಅನ್ನುವ ಲೆಕ್ಕ. ನಾನು ಪೀಣ್ಯದಲ್ಲಿ ಪ್ರೆಸ್ ಟೂಲ್ ಕೆಲಸದಲ್ಲಿರುವವನು. ತಗಡು ಎಲ್ಲಿ ಮಡಚಿಕೊಳ್ಳುತ್ತದೆ, ಎಲ್ಲಿ ಹರಿಯುತ್ತದೆ ಅನ್ನುವುದು ನನಗೆ ದಿನನಿತ್ಯದ ವಿಷಯ. ಹೊರಗಿನ ಆ ತಗಡಿಗೂ ಒಳಗಿರುವವರ ಜೀವಕ್ಕೂ ಸಂಬಂಧ ಬಹಳ ಕಡಿಮೆ. ಮುಂಭಾಗ ಮಡಚಿಕೊಳ್ಳಲೇಬೇಕು, ಡಿಕ್ಕಿಯ ಶಕ್ತಿಯನ್ನು ಅದು ನುಂಗಿಕೊಳ್ಳುವುದೇ ಹಾಗೆ. ಮಡಚಬಾರದ್ದು ಕೂರುವ ಜಾಗ: ಗಾಜಿನ ಪಕ್ಕದ ಕಂಬಗಳು, ಬಾಗಿಲುಗಳ ನಡುವಿನ ಕಂಬ, ಬಾಗಿಲ ಕೆಳಗಿನ ಸಿಲ್. ಇವೆಲ್ಲ ತಗಡಿನ ಹಿಂದೆ ಅಡಗಿರುತ್ತವೆ, ಕುಟ್ಟಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಕಾರು ನೋಡುವ ಮೊದಲು ಕ್ರ್ಯಾಶ್ ಟೆಸ್ಟ್ ವರದಿಗಳನ್ನು ಮುಂದಿಟ್ಟುಕೊಂಡು ಕೂತೆ.

ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಒಂದೂವರೆ ವರ್ಷದ ಮಗಳು. ವಾರವಿಡೀ ವಿಜಯನಗರದಿಂದ ಪೀಣ್ಯಕ್ಕೆ ಓಡಾಟ, ಆಗಾಗ ಪಾಂಡವಪುರದ ಹತ್ತಿರದ ಊರಿಗೆ. ಈ ಓಡಾಟಕ್ಕೆ ಪುಟ್ಟ ಎಲೆಕ್ಟ್ರಿಕ್ ಎಸ್‌ಯುವಿ ಸಾಕು ಎಂದು ತೀರ್ಮಾನವಾಗಿತ್ತು. ಉಳಿದಿದ್ದು ಯಾವುದು ಎಂಬ ಪ್ರಶ್ನೆ.

ಮೊದಲು ನೋಡಬೇಕಾದ್ದು ವರದಿ ಯಾರದು, ಯಾವ ವರ್ಷದ್ದು ಅನ್ನುವುದು. 2018ರಲ್ಲಿ ಟಾಟಾ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಕ್ಯಾಪ್ (ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ) ಐದು ಸ್ಟಾರ್ ಕೊಟ್ಟಾಗ ದೊಡ್ಡವರ ರಕ್ಷಣೆಗೆ ಒಟ್ಟು 17 ಅಂಕ, ಕಾರಿಗೆ ಬಂದದ್ದು 16.06. 2022ರಲ್ಲಿ ಆ ಸಂಸ್ಥೆ ನಿಯಮ ಬಿಗಿ ಮಾಡಿದ ಮೇಲೆ ಒಟ್ಟು 34 ಆಯಿತು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಆಗಸ್ಟ್‌ನಲ್ಲಿ ಘೋಷಣೆಯಾಗಿ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಇಲ್ಲಿ ದೊಡ್ಡವರಿಗೆ 32, ಮಕ್ಕಳಿಗೆ 49. ಹಳೆಯ ಐದು ಸ್ಟಾರ್ ಮತ್ತು ಹೊಸ ಐದು ಸ್ಟಾರ್ ಒಂದೇ ಪರೀಕ್ಷೆಯ ಫಲಿತಾಂಶವಲ್ಲ. ಜಾಹೀರಾತಿನಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ, ಅಷ್ಟೇ.

ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕುಸಿಯುವ ತಡೆಗೋಡೆಗೆ ಗುದ್ದಿಸುತ್ತಾರೆ, ಅದೂ ಮುಂಭಾಗದ ಶೇಕಡಾ 40ರಷ್ಟು ಅಗಲ ಮಾತ್ರ ತಾಗುವ ಹಾಗೆ. ಪಕ್ಕದಿಂದ 950 ಕೆಜಿಯ ಟ್ರಾಲಿ 50 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಮೂರನೆಯದು ಕಂಬದ ಪರೀಕ್ಷೆ, 29 ಕಿಲೋಮೀಟರ್ ವೇಗದಲ್ಲಿ ಕಾರಿನ ಪಕ್ಕೆ ಕಂಬಕ್ಕೆ ತಗಲುತ್ತದೆ. ಎಲೆಕ್ಟ್ರಿಕ್ ಕಾರಿಗೆ ನಾನು ಹೆಚ್ಚು ತೂಕ ಕೊಟ್ಟದ್ದು ಈ ಕಂಬದ ಪರೀಕ್ಷೆಗೆ. ಬ್ಯಾಟರಿ ಮಲಗಿರುವುದು ನೆಲದಡಿ, ಎರಡು ಸಿಲ್‌ಗಳ ನಡುವೆ. ಕಂಬ ಇಡೀ ಹೊಡೆತವನ್ನು ಒಂದೇ ಜಾಗಕ್ಕೆ ಕೊಡುತ್ತದೆ. ಅಲ್ಲಿ ಸಿಲ್ ಒಳಕ್ಕೆ ನುಗ್ಗಿದರೆ ಕೂತವರ ಸೊಂಟಕ್ಕೂ ಬ್ಯಾಟರಿಗೂ ಒಟ್ಟಿಗೆ ಅಪಾಯ.

ನಾನು ಪಕ್ಕಪಕ್ಕ ಬರೆದುಕೊಂಡ ಅಂಕಗಳು ಇವು. ಟಾಟಾ ಪಂಚ್ ಇವಿ: ದೊಡ್ಡವರಿಗೆ 31.46, ಮಕ್ಕಳಿಗೆ 45. ನೆಕ್ಸಾನ್ ಇವಿ: 29.86 ಮತ್ತು 44.95. ಇವೆರಡೂ 2024ರ ಜೂನ್‌ನಲ್ಲಿ ಬಂದವು. ಅದೇ ವರ್ಷ ನವೆಂಬರ್‌ನಲ್ಲಿ ಮಹೀಂದ್ರ ಎಕ್ಸ್‌ಯುವಿ400: 30.38 ಮತ್ತು 43. ಐದು ಸ್ಟಾರ್ ಸಿಗಲು ಬೇಕಾದ್ದು ದೊಡ್ಡವರಲ್ಲಿ 27, ಮಕ್ಕಳಲ್ಲಿ 41. ಮೂರೂ ದಾಟಿವೆ. ಎಲೆಕ್ಟ್ರಿಕ್ ಅಂದ ಮಾತ್ರಕ್ಕೆ ಇದು ತಾನಾಗಿ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸಿಟ್ರೋಯೆನ್ ಇಸಿ3ಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್, ಮಕ್ಕಳ ರಕ್ಷಣೆಯಲ್ಲಿ ಒಂದು. ಪೆಟ್ರೋಲ್ ಮಾದರಿಯ ಅಂಕವನ್ನು ಎಲೆಕ್ಟ್ರಿಕ್‌ಗೆ ಅಂಟಿಸಿ ಮಾತಾಡುವವರೂ ಇದ್ದಾರೆ, ಅದೂ ನಡೆಯದು. ಬ್ಯಾಟರಿಯಿಂದ ತೂಕ ಬೇರೆ, ನೆಲದ ರಚನೆ ಬೇರೆ. ಪೆಟ್ರೋಲ್ ನೆಕ್ಸಾನ್‌ಗೆ ಪ್ರತ್ಯೇಕವಾಗಿ 29.41 ಮತ್ತು 43.83 ಬಂದಿದೆ.

ನನ್ನ ಪಟ್ಟಿ ನೋಡಿದ ಭಾವಮೈದ ತಕ್ಷಣ ಕೇಳಿದ, "ಭಾವ, ಹಾಗಾದ್ರೆ ಪಂಚೇ ಹೆಚ್ಚು ಸೇಫ್ ಅಲ್ವಾ? ಒಂದೂವರೆ ಅಂಕ ಜಾಸ್ತಿ ಇದೆಯಲ್ಲ." ಸಹಜವಾದ ಪ್ರಶ್ನೆ. ಆದರೆ ಮುಂಭಾಗದ ಪರೀಕ್ಷೆಯಲ್ಲಿ ಕಾರು ಎದುರಿಸುವುದು ತನ್ನದೇ ತೂಕವನ್ನು. ತಡೆಗೋಡೆ ನಿಂತೇ ಇರುತ್ತದೆ, ಗುದ್ದಿನ ಶಕ್ತಿಯೆಲ್ಲ ಆ ಕಾರಿನ ತೂಕ ಮತ್ತು ವೇಗದಿಂದಲೇ ಬಂದದ್ದು. ಹೆಚ್ಚುಕಡಿಮೆ ತನ್ನಷ್ಟೇ ತೂಕದ ಕಾರು ಎದುರು ಬಂದು ಗುದ್ದಿದರೆ ಏನಾಗುತ್ತದೆ ಅನ್ನುವುದಕ್ಕೆ ಅದು ಉತ್ತರ. ರಸ್ತೆಯಲ್ಲಿ ಭಾರದ ಗಾಡಿ ಹಗುರದ್ದಕ್ಕೆ ಗುದ್ದಿದರೆ ಹೆಚ್ಚು ಪೆಟ್ಟು ತಿನ್ನುವುದು ಹಗುರದ್ದೇ. ಒಂದೇ ತೂಕದ ವರ್ಗದೊಳಗೆ ಅಂಕ ಹೋಲಿಸಬಹುದು, ವರ್ಗ ದಾಟಿದರೆ ಹೋಲಿಕೆ ದಾರಿ ತಪ್ಪಿಸುತ್ತದೆ. ನನ್ನ ಮಟ್ಟಿಗೆ ಈ ಮೂರರ ನಡುವಿನ ವ್ಯತ್ಯಾಸ ಕಾರು ನಿರ್ಧರಿಸುವಷ್ಟು ದೊಡ್ಡದಾಗಿರಲಿಲ್ಲ. ಅವನಿಗೂ ಅದನ್ನೇ ಹೇಳಿದೆ.

ನಾನು ಹೆಚ್ಚು ಹೊತ್ತು ಕೂತದ್ದು ಮಕ್ಕಳ 49 ಅಂಕದ ಮೇಲೆ. ಸ್ಟಾರ್ ಅನ್ನುವುದು ಎಸ್ಸೆಸ್ಸೆಲ್ಸಿಯ ಫಸ್ಟ್ ಕ್ಲಾಸ್ ಇದ್ದ ಹಾಗೆ, ಗಣಿತದಲ್ಲಿ ಎಷ್ಟು ಬಂತೆಂದು ತಿಳಿಯಲು ಮಾರ್ಕ್ಸ್ ಕಾರ್ಡ್ ಬಿಚ್ಚಬೇಕು. 49ರಲ್ಲಿ 24 ಡಿಕ್ಕಿಯ ಪರೀಕ್ಷೆಗೆ, 12 ಚೈಲ್ಡ್ ಸೀಟ್ ಸರಿಯಾಗಿ ಕೂರುತ್ತದೆಯೇ ಎಂಬುದಕ್ಕೆ, 13 ಕಾರಿನಲ್ಲೇ ಇರುವ ಸೌಲಭ್ಯಗಳಿಗೆ. ನೆಕ್ಸಾನ್ ಇವಿ ಡಿಕ್ಕಿಯಲ್ಲಿ 23.95 ತೆಗೆದಿದೆ, ಸೀಟ್ ಅಳವಡಿಕೆಯಲ್ಲಿ 12ಕ್ಕೆ 12. ಕಾರಿನ ಸೌಲಭ್ಯದಲ್ಲಿ 13ಕ್ಕೆ 9. ಎಲ್ಲ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇದೆಯೇ, ಚೈಲ್ಡ್ ಸೀಟನ್ನು ನೇರವಾಗಿ ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಯಾವ ಸೀಟಿನಲ್ಲಿವೆ, ಮುಂದಿನ ಪ್ರಯಾಣಿಕರ ಏರ್‌ಬ್ಯಾಗ್ ಆಫ್ ಮಾಡಬಹುದೇ ಎಂಬಂಥ ಪ್ರಶ್ನೆಗಳು ಬರುವುದು ಈ ಮೂರನೇ ಭಾಗದಲ್ಲಿ. ಶೋರೂಮಿನಲ್ಲಿ ಕೈಯಿಟ್ಟು ನೋಡಬೇಕಾದ್ದು ಇವನ್ನು.

ಅಲ್ಲಿ ಇನ್ನೊಂದು ವಿಷಯವಿದೆ, ಇದನ್ನು ಎಲ್ಲ ತಂದೆತಾಯಿಯರೂ ತಿಳಿದಿರಬೇಕು. 24ಕ್ಕೆ 23.95 ಸಿಕ್ಕಿದ್ದು ಚೈಲ್ಡ್ ಸೀಟಿನಲ್ಲಿ ಕೂತ ಗೊಂಬೆಗಳಿಗೆ. ಒಂದು 18 ತಿಂಗಳ ಮಗುವಿನ ಅಳತೆಯದು, ಇನ್ನೊಂದು ಮೂರು ವರ್ಷದ್ದು. ಮಡಿಲಲ್ಲಿ ಕೂತ ಮಗುವಿಗೆ ಆ ಅಂಕದಲ್ಲಿ ಒಂದು ಚೂರೂ ಪಾಲಿಲ್ಲ.

ಅಮ್ಮನಿಗೆ ಇದು ಒಪ್ಪಿಗೆಯಾಗಲು ಹೊತ್ತು ಹಿಡಿಯಿತು. "ಅಷ್ಟು ಪುಟ್ಟ ಕೂಸನ್ನ ಹಿಂದೆ ಒಂದೇ ಕಟ್ಟಾಕ್ತೀಯೇನೋ? ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಕಣೋ," ಅಂದರು. ಲೆಕ್ಕ ಮಾಡಿ ತೋರಿಸಿದೆ. ಮಗಳ ತೂಕ 12 ಕೆಜಿ ಅಂದುಕೊಳ್ಳಿ, ಕಾರು 50 ಕಿಲೋಮೀಟರ್ ವೇಗದಲ್ಲಿದ್ದು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆ ಗಳಿಗೆಯಲ್ಲಿ ಅವಳನ್ನು ಹಿಡಿದಿಡಲು ಕೈಗಳಿಗೆ ಬೇಕಾದ ಬಲ ಸುಮಾರು 170 ಕೆಜಿ ಭಾರ ಎತ್ತಿದಷ್ಟು. ಯಾವ ಅಜ್ಜಿಯ ಪ್ರೀತಿಗೂ ಅಷ್ಟು ಕೈಬಲ ಇರುವುದಿಲ್ಲ. ಅಮ್ಮ ಆಮೇಲೆ ಮಾತಾಡಲಿಲ್ಲ, ಈಗ ಮೊಮ್ಮಗಳ ಬಕಲ್ ಹಾಕಿದೆಯೋ ಎಂದು ಮೊದಲು ನೋಡುವವರು ಅವರೇ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ.

ನಾವು ಮಾಡಿದ್ದು ಇಷ್ಟು. ಚೈಲ್ಡ್ ಸೀಟನ್ನು ಮೊದಲೇ ಕೊಂಡು ಶೋರೂಮಿಗೆ ಹೊತ್ತುಕೊಂಡು ಹೋದೆವು. ನೋಡಿದ ಪ್ರತಿ ಕಾರಿನ ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂರಿಸಿ, ಐಸೋಫಿಕ್ಸ್ ಕೊಂಡಿಗೆ ಕ್ಲಿಕ್ ಮಾಡಿ ನೋಡಿದೆವು. ಹಿಮ್ಮುಖ ಯಾಕೆಂದರೆ ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಕತ್ತು ಎಳೆಯದು; ಹಿಮ್ಮುಖವಾಗಿದ್ದರೆ ಹೊಡೆತ ಬೆನ್ನಿಗೆಲ್ಲ ಹರಡಿಕೊಳ್ಳುತ್ತದೆ. ಹೀಗೆ ಕೂರಿಸಿದಾಗಲೇ ನಿಜವಾದ ವ್ಯತ್ಯಾಸ ಗೊತ್ತಾದದ್ದು. ಚಿಕ್ಕ ಕಾರಿನಲ್ಲಿ ಮುಂದಿನ ಸೀಟನ್ನು ತುಂಬ ಮುಂದಕ್ಕೆ ಎಳೆಯಬೇಕಾಯಿತು, ನನ್ನ ಹೆಂಡತಿಯ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ನಾವು ನೆಕ್ಸಾನ್ ಇವಿ ಆರಿಸಿದ್ದಕ್ಕೆ ಮುಖ್ಯ ಕಾರಣ ಇದೇ. ಸೀಟ್ ಕೂರಿಸಿದ ಮೇಲೆ ಕೊಂಡಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಅಲುಗಬಾರದು. ಮಗುವಿನ ಭುಜದ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಡಿಸೆಂಬರ್ ಚಳಿಗೆ ದಪ್ಪ ಸ್ವೆಟರ್ ಹಾಕಿ ಮೇಲೆ ಪಟ್ಟಿ ಬಿಗಿಯಬೇಡಿ, ಡಿಕ್ಕಿಯಲ್ಲಿ ಸ್ವೆಟರ್ ಅಪ್ಪಚ್ಚಿಯಾಗಿ ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ, ಮೇಲೆ ಶಾಲು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಂತೂ ಹಿಮ್ಮುಖ ಸೀಟ್ ಇಡಲೇಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡು ಮಗುವಿನ ತಲೆಯ ಹಿಂಭಾಗಕ್ಕೇ ಬಡಿಯುತ್ತದೆ.

ಅಪ್ಪನ ವಿಷಯಕ್ಕೆ ಬಂದಾಗ ವರದಿಯಲ್ಲಿ ಒಂದು ಖಾಲಿ ಜಾಗ ಕಂಡಿತು. ಮುಂಭಾಗದ ಡಿಕ್ಕಿಯಲ್ಲಿ ದೊಡ್ಡವರ ಗೊಂಬೆಗಳು ಕೂರುವುದು ಮುಂದಿನ ಎರಡು ಸೀಟಿನಲ್ಲಿ. ಹಿಂದೆ ಕೂರುವುದು ಮಕ್ಕಳ ಗೊಂಬೆಗಳು. ಹಿಂದೆ ಕೂತ ದೊಡ್ಡವರ ಎದೆಗೆ ಏನಾಯಿತು ಅನ್ನುವುದಕ್ಕೆ ಅಲ್ಲಿ ಅಂಕವಿಲ್ಲ. ನಮ್ಮ ಮನೆಗಳಲ್ಲಿ ಹಿಂದಿನ ಸೀಟು ಹಿರಿಯರ ಜಾಗ, ಬೆಲ್ಟ್ ಹಾಕದಿರುವುದೂ ಅಲ್ಲೇ. ಬೆಲ್ಟಿಲ್ಲದೆ ಹಿಂದೆ ಕೂತವರು ಡಿಕ್ಕಿಯಲ್ಲಿ ಮುಂದಿನವರ ಬೆನ್ನಿಗೆ ಅಪ್ಪಳಿಸುತ್ತಾರೆ, ಇಬ್ಬರ ಜೀವವೂ ಹೋಗಬಹುದು. ನಮ್ಮ ಕಾರಿನಲ್ಲಿ ಈಗ ಅಪ್ಪನ ಬೆಲ್ಟ್ ಕ್ಲಿಕ್ ಅಂದ ಮೇಲೆಯೇ ನಾನು ಡ್ರೈವ್‌ಗೆ ಹಾಕುವುದು.

ಬ್ಯಾಟರಿಯ ಬಗ್ಗೆ ಭಯ ಎಲ್ಲರಿಗೂ ಇದೆ. ಸಾಮಾನ್ಯವಾಗಿ ಏರ್‌ಬ್ಯಾಗ್ ಬಿಚ್ಚುವಂಥ ಡಿಕ್ಕಿಯಾದರೆ ಹೈ ವೋಲ್ಟೇಜ್ ಸಂಪರ್ಕ ತಾನೇ ಕಡಿದುಕೊಳ್ಳುವ ವ್ಯವಸ್ಥೆ ಇಂಥ ಕಾರುಗಳಲ್ಲಿ ಇರುತ್ತದೆ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಯಾರೂ ಮುಟ್ಟಬಾರದು, ಮನೆಯವರಿಗೆಲ್ಲ ಅದನ್ನು ತೋರಿಸಿಟ್ಟಿದ್ದೇನೆ. ನನಗೆ ಹೆಚ್ಚು ಚಿಂತೆ ನಮ್ಮ ಬಡಾವಣೆಗಳ ಅಡ್ಡಾದಿಡ್ಡಿ ಹಂಪ್‌ಗಳದ್ದು. ಕೆಳಭಾಗ ಜೋರಾಗಿ ಉಜ್ಜಿದರೆ ಲಿಫ್ಟ್ ಮೇಲೆ ಎತ್ತಿಸಿ ಬ್ಯಾಟರಿಯ ಕವಚ ನೋಡಿಸದೆ ನಾನು ಹೆದ್ದಾರಿಗೆ ಇಳಿಯುವುದಿಲ್ಲ.

ಹೆದ್ದಾರಿಯಲ್ಲಿ ಸ್ಟಾರ್‌ನ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100 ಕಿಲೋಮೀಟರ್. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 64ಕ್ಕೆ ಹೋಲಿಸಿದರೆ 80ರಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚು, 100ರಲ್ಲಿ ಎರಡೂವರೆ ಪಟ್ಟಿನ ಹತ್ತಿರ. ದೀಪವಿಲ್ಲದೆ ನಿಂತ ಲಾರಿಯ ಹಿಂಬದಿಗೆ ನುಗ್ಗಿದರೆ ಹೊಡೆತ ಬೀಳುವುದು ಮಡಚಿಕೊಳ್ಳುವ ಮುಂಭಾಗಕ್ಕಲ್ಲ, ನೇರ ಗಾಜಿಗೆ. 2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಜನ ಹೋದದ್ದು ಬೆಂಗಳೂರಿನವರಿಗೆ ಇನ್ನೂ ನೆನಪಿದೆ. ಸುರಕ್ಷತೆಗೆ ಹೆಸರಾದ ದೊಡ್ಡ ಕಾರು ಅದು. ಅಂಥ ಹೊಡೆತಕ್ಕೆ ಯಾವ ಸಂಸ್ಥೆಯ ಸ್ಟಾರ್ ಪರೀಕ್ಷೆಯೂ ಇಲ್ಲ. ಹಾಗಾಗಿ ಊರಿಗೆ ಹೋಗುವಾಗ ನಾನು 80 ದಾಟುವುದಿಲ್ಲ, ಲಾರಿಗಳ ಪಕ್ಕದಲ್ಲೇ ಸಾಗುವುದಿಲ್ಲ, ರಾತ್ರಿ ಹೊರಡುವುದನ್ನು ಬಿಟ್ಟಿದ್ದೇವೆ.

ನೀವೂ ವರದಿ ತೆಗೆದು ನೋಡುವುದಾದರೆ ಆ ರೇಟಿಂಗ್ ಯಾವ ಯಾವ ವೇರಿಯಂಟ್‌ಗಳಿಗೆ ಅನ್ವಯ ಎಂಬ ಸಾಲನ್ನು ಹುಡುಕಿ, ಬುಕ್ ಮಾಡುವ ವೇರಿಯಂಟ್ ಅದರಲ್ಲಿದೆಯೇ ನೋಡಿಕೊಳ್ಳಿ. ನಮ್ಮ ಮುಂದಿರುವ ಕೆಲಸ ಮಗಳು ಈ ಹಿಮ್ಮುಖ ಸೀಟಿನ ತೂಕದ ಮಿತಿ ಮುಟ್ಟಿದಾಗ ಮುಮ್ಮುಖ ಸೀಟಿಗೆ ಬದಲಿಸುವುದು, ಆಮೇಲೆ ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಹಾಯುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು. ಕಾರಿನ ಬೆಲ್ಟ್ ಅವಳ ಕತ್ತಿಗೆ ಉಜ್ಜದೆ ಭುಜದ ನಡುವೆ ಹಾಯುವಷ್ಟು ಎತ್ತರ ಬರುವ ತನಕ ಬೂಸ್ಟರ್ ತೆಗೆಯುವುದಿಲ್ಲ.