ಬಿಸಿಲ ನಾಡಿನ ಮನೆಯಲ್ಲಿ ಇರುವೆ ಗೂಡು: ಗೊದ್ದ ಸಾಕುವ ಬಗೆ

ಎಲೆ ಕತ್ತರಿಸುವ ಇರುವೆಗಳು ತಾವು ಹೊತ್ತು ತಂದ ಎಲೆಯನ್ನು ಅಗಿದು ಮುದ್ದೆ ಮಾಡಿ, ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆದು, ಆ ಬೆಳೆಯನ್ನು ಮರಿಗಳಿಗೆ ಉಣಿಸುತ್ತವೆ. ಅವುಗಳ ವಿಡಿಯೊ ನೋಡಿದವರಿಗೆ ಅಂಥದ್ದೊಂದು ಗೂಡು ಮನೆಯಲ್ಲಿರಲಿ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಅಟ್ಟಾ ಮತ್ತು ಅಕ್ರೊಮಿರ್ಮೆಕ್ಸ್ ಕುಲಗಳಿಗೆ ಸೇರಿದ ಈ ಇರುವೆಗಳ ತವರು ಅಮೆರಿಕ ಖಂಡಗಳು. ಬೆಳೆದ ಪೈರನ್ನು ಕತ್ತರಿಸಿ ಹೊತ್ತೊಯ್ಯುವ ಈ ಕೀಟ ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಹೊಲಗಳಿಗೆ ಎಂದೂ ಬರಕೂಡದು. ಅನುಮತಿಯಿಲ್ಲದೆ ಜೀವಂತ ಕೀಟಗಳನ್ನು ದೇಶದೊಳಕ್ಕೆ ತರುವುದನ್ನು 2003ರ ಸಸ್ಯ ಕ್ವಾರಂಟೈನ್ ಆದೇಶ ತಡೆಯುತ್ತದೆ. ಇರುವೆಗಳನ್ನು ಅವುಗಳ ನೆಲದಿಂದ ಕದ್ದು ಸಾಗಿಸುವುದನ್ನು ಬೇರೆ ದೇಶಗಳೂ ಈಗ ಗಂಭೀರವಾಗಿ ಪರಿಗಣಿಸುತ್ತಿವೆ. ಸುಮಾರು 5,000 ಇರುವೆಗಳನ್ನು ಕೊಳವೆಗಳಲ್ಲಿ ತುಂಬಿಟ್ಟುಕೊಂಡಿದ್ದ ಇಬ್ಬರು ಬೆಲ್ಜಿಯಂ ತರುಣರಿಗೆ 2025ರಲ್ಲಿ ಕೀನ್ಯಾದ ನ್ಯಾಯಾಲಯ ದಂಡ ವಿಧಿಸಿತು.

ಶಿಲೀಂಧ್ರ ಬೆಳೆಯುವ ಕಸುಬು ನಮ್ಮ ನೆಲದಲ್ಲಿ ಗೆದ್ದಲಿಗೆ ಗೊತ್ತು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಅವುಗಳ ತೋಟದ್ದೇ. ಆದರೆ ಮರದ ಬಾಗಿಲು, ತೊಲೆಗಳಿರುವ ಮನೆಯೊಳಗೆ ಗೆದ್ದಲು ಸಾಕುವ ಮಾತೇ ಇಲ್ಲ. ಹೊಸಬರಿಗೆ ತಕ್ಕದ್ದು ನಮ್ಮಲ್ಲಿ ಗೊದ್ದ, ಕಟ್ಟಿರುವೆ ಎಂದು ಕರೆಯುವ ದೊಡ್ಡ ಕರಿ ಇರುವೆ. ಕ್ಯಾಂಪೊನೋಟಸ್ ಕಂಪ್ರೆಸಸ್ ಎಂಬುದು ಅದರ ವೈಜ್ಞಾನಿಕ ಹೆಸರು. ಜಾಲಿ ಗಿಡದ ಕೊಂಬೆಗಳಲ್ಲಿ ರಸ ಹೀರುವ ಹುಳುಗಳ ಸುತ್ತ ಕಾವಲು ನಿಂತು ಅವು ಸ್ರವಿಸುವ ಸಿಹಿಯನ್ನು ಕುಡಿಯುವುದು ಇದೇ ಇರುವೆ. ಇದು ಕಚ್ಚುತ್ತದೆ, ಆದರೆ ಇದಕ್ಕೆ ಕುಟುಕುವ ಮುಳ್ಳಿಲ್ಲ.

ಮೊದಲ ಹೆಜ್ಜೆ ರಾಣಿಯನ್ನು ಹುಡುಕುವುದು. ಇದಕ್ಕಾಗಿ ಗೂಡು ಅಗೆಯಬೇಡಿ. ಆಳದಲ್ಲಿರುವ ರಾಣಿ ಸಿಗುವುದು ದುರ್ಲಭ, ಹಾಳಾಗುವ ಸಂಸಾರ ಮಾತ್ರ ದೊಡ್ಡದು. ರೋಹಿಣಿ, ಮಿರಗದ ಮಳೆಗಳು ಬಿದ್ದ ಸಂಜೆ ಅಂಗಳದ ಅಥವಾ ಬೀದಿಯ ದೀಪದ ಕೆಳಗೆ ಕಾದು ನೋಡುವುದು ಸರಿಯಾದ ದಾರಿ. ಗಂಡಿನೊಂದಿಗೆ ಕೂಡಿ ನೆಲಕ್ಕಿಳಿದ ಹೆಣ್ಣು ತನ್ನ ರೆಕ್ಕೆಗಳನ್ನು ತಾನೇ ಕಳಚಿ, ಬಿರುಕು ಹುಡುಕುತ್ತ ಓಡಾಡುತ್ತದೆ. ಕೆಲಸಗಾರ ಇರುವೆಗಿಂತ ಗಾತ್ರದಲ್ಲಿ ದೊಡ್ಡದಾಗಿದ್ದು, ಉಬ್ಬಿದ ಎದೆಯ ಇಕ್ಕೆಲಗಳಲ್ಲಿ ರೆಕ್ಕೆ ಕಳಚಿದ ಗುರುತು ಕಾಣುವುದಾದರೆ ಅದು ರಾಣಿ. ಅದೇ ದೀಪಕ್ಕೆ ಮುತ್ತುವ ಮಳೆಹುಳುಗಳು ರೆಕ್ಕೆಯ ಗೆದ್ದಲುಗಳು. ಅವುಗಳಿಗೆ ಇರುವೆಯ ಸಣ್ಣ ನಡುವಿಲ್ಲ, ನಾಲ್ಕೂ ರೆಕ್ಕೆಗಳು ಒಂದೇ ಅಳತೆಯವು.

ಎರಡನೆಯದು ಕೊಳವೆ. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವ ಗಾಜಿನ ಪ್ರನಾಳದಲ್ಲಿ ಮೂರನೇ ಒಂದು ಭಾಗ ನೀರು ತುಂಬಿ, ನೀರಿಗೆ ತಾಗುವಂತೆ ಹತ್ತಿಯನ್ನು ಬಿಗಿಯಾಗಿ ಒತ್ತಿ, ರಾಣಿಯನ್ನು ಒಳಗೆ ಬಿಟ್ಟು, ಗಾಳಿಯಾಡುವಂತೆ ಇನ್ನೊಂದು ಹತ್ತಿಯಿಂದ ಬಾಯಿ ಮುಚ್ಚಿ, ಅಡ್ಡಲಾಗಿ ಮಲಗಿಸಿ ಕತ್ತಲಲ್ಲಿಡಬೇಕು. ಇನ್ನು ಮುಂದಿನ ಕೆಲಸ ಮುಟ್ಟದೆ ಇರುವುದು, ಮತ್ತು ಹೆಚ್ಚಿನವರು ಸೋಲುವುದು ಇಲ್ಲಿಯೇ. ಗೊದ್ದದ ರಾಣಿಗೆ ಈ ಅವಧಿಯಲ್ಲಿ ಊಟ ಬೇಕಿಲ್ಲ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡೇ ಅದು ಮೊದಲ ಮರಿಗಳನ್ನು ಸಾಕುತ್ತದೆ. ದಿನವೂ ಎತ್ತಿ, ಬೆಳಕಿಗೆ ಹಿಡಿದು ನೋಡಿದರೆ ಬೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಡುತ್ತದೆ. ವಾರಕ್ಕೊಮ್ಮೆ ಕೊಳವೆಗೆ ಕೆಂಪು ಬಣ್ಣದ ಪಾರದರ್ಶಕ ಹಾಳೆ ಸುತ್ತಿ ಮೆಲ್ಲನೆ ನೋಡಬಹುದು. ಇರುವೆಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ. ಅಕ್ಕಿಯ ನುಚ್ಚಿಗಿಂತ ಸಣ್ಣದಾದ ಬಿಳಿ ಮೊಟ್ಟೆಗಳು ಒಂದಕ್ಕೊಂದು ಅಂಟಿ ಗುಂಪಾಗಿರುತ್ತವೆ, ರಾಣಿ ಆ ಗುಂಪನ್ನು ಬಾಯಿಯಲ್ಲಿ ಹಿಡಿದು ನೆಕ್ಕುತ್ತಿರುತ್ತದೆ. ಕೆಲವು ವಾರಗಳ ನಂತರ ಕಂದು ಬಣ್ಣದ ಗೂಡುಹುಳುಗಳು, ಅಂದರೆ ಮೈಸುತ್ತ ನೂಲಿನ ಕೋಶ ಹೆಣೆದುಕೊಂಡ ಮರಿಗಳು, ಕಾಣಿಸುತ್ತವೆ. ಪ್ರತಿಯೊಂದರ ಒಂದು ತುದಿಯಲ್ಲಿ ಕರಿ ಚುಕ್ಕೆ ಇರುತ್ತದೆ. ಅದು ಕೊಳೆಯುವ ಲಕ್ಷಣವಲ್ಲ, ಮರಿ ವಿಸರ್ಜಿಸಿದ ಮಲ. ಒಂದೂವರೆಯಿಂದ ಎರಡು ತಿಂಗಳಲ್ಲಿ ಮೊದಲ ಕೆಲಸಗಾರರು ಹೊರಬರುತ್ತವೆ. ಇವು ಹೊರಗೆ ನಾವು ಕಾಣುವ ಗೊದ್ದಗಳಿಗಿಂತ ಬಹಳ ಚಿಕ್ಕವು.

ಆಗ ಊಟ ಆರಂಭಿಸಿ. ಒಂದು ಭಾಗ ಸಕ್ಕರೆಗೆ ಮೂರು ಭಾಗ ನೀರು ಬೆರೆಸಿದ ಒಂದು ಹನಿ, ಜತೆಗೆ ಕಾಲು ಮುರಿದ ಸಣ್ಣ ಜಿರಳೆ ಮರಿ ಅಥವಾ ನೊಣ ಸಾಕು. ಸಿಹಿ ದೊಡ್ಡವುಗಳ ಕಸುವಿಗೆ, ಹುಳು ಮರಿಗಳ ಬೆಳವಣಿಗೆಗೆ. ಉಳಿದದ್ದನ್ನು ಮರುದಿನವೇ ತೆಗೆಯಬೇಕು. ಮೆಣಸಿನಕಾಯಿ ಮತ್ತು ಹತ್ತಿಯ ಹೊಲಗಳಲ್ಲಿ ಹಿಡಿದ ಹುಳು ಬೇಡವೇ ಬೇಡ, ಅಲ್ಲಿ ಔಷಧಿ ಸಿಂಪಡಿಸಿರುತ್ತಾರೆ. ಸೊಳ್ಳೆ ಬತ್ತಿ, ಸೊಳ್ಳೆಯ ಲಿಕ್ವಿಡ್ ಉರಿಯುವ ಕೋಣೆಯಲ್ಲಿ ಗೂಡು ಇಡಬಾರದು. ಇದ್ದಕ್ಕಿದ್ದಂತೆ ಹಲವು ಇರುವೆಗಳು ಅಂಗಾತ ಬಿದ್ದು ಕಾಲು ನಡುಗಿಸುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇವನ್ನೇ.

ಕೆಲಸಗಾರರು ಇಪ್ಪತ್ತು-ಮೂವತ್ತಾಗುವವರೆಗೆ ದೊಡ್ಡ ಗೂಡು ಬೇಡ. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಕೋಣೆಗಳನ್ನು ಕೊರೆದು, ಮೇಲೆ ಗಾಜು ಹೊಂದಿಸಿ, ಒಂದು ಮೂಲೆಗೆ ನೀರುಣಿಸುವ ರಂಧ್ರ ಬಿಟ್ಟು ಗೂಡು ಮಾಡಬಹುದು. ಅದಕ್ಕೆ ಹೊಂದಿಕೊಂಡಂತೆ ಊಟ ಹಾಕುವ ತೆರೆದ ಡಬ್ಬಿ ಇರಲಿ. ಅದರ ಒಳಅಂಚಿಗೆ ಸ್ಪಿರಿಟ್‌ನಲ್ಲಿ ಕಲಸಿದ ಟಾಲ್ಕಂ ಪೌಡರ್ ಹಚ್ಚಿ ಒಣಗಿಸಿದರೆ ಇರುವೆಗಳ ಕಾಲು ಜಾರುತ್ತದೆ. ಹಳೆಯ ಕೊಳವೆಯನ್ನು ಪೈಪಿನಿಂದ ಜೋಡಿಸಿ, ಅದರ ಮೇಲೆ ಬೆಳಕು ಬೀಳಿಸಿ, ಹೊಸ ಗೂಡನ್ನು ಕತ್ತಲಾಗಿಸಿದರೆ ಅವು ತಾವಾಗಿ ಮನೆ ಬದಲಿಸುತ್ತವೆ. ಬಡಿದು ಸುರಿಯಬಾರದು.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಬೇಸಿಗೆ. ಗೊದ್ದಗಳಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಹಗಲು 40 ಡಿಗ್ರಿ ದಾಟುತ್ತದೆ. ಹೊರಗಿನ ಗೊದ್ದಗಳು ಆಗ ನೆಲದಾಳಕ್ಕಿಳಿದು ರಾತ್ರಿ ಮೇವಿಗೆ ಹೊರಡುತ್ತವೆ, ನಮ್ಮ ಗಾಜಿನ ಕೊಳವೆಯಲ್ಲಿರುವುದಕ್ಕೆ ಆ ದಾರಿಯಿಲ್ಲ. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ದಿನಕ್ಕೆ ಎರಡು ಬಾರಿ ಆ ಮರಳನ್ನು ನೆನೆಸಿ, ಒಳ ಮಡಕೆಯಲ್ಲಿ ಕೊಳವೆ ಇಡುವುದು ಉತ್ತಮ ಪರಿಹಾರ. ನಮ್ಮ ಒಣ ಗಾಳಿಯಲ್ಲಿ ನೀರು ಬೇಗ ಆರಿ ಮಡಕೆ ಚೆನ್ನಾಗಿ ತಂಪಾಗುತ್ತದೆ, ಕರೆಂಟಿನ ಹಂಗೂ ಇಲ್ಲ. ಮಣ್ಣಿನ ಮಾಳಿಗೆ ಮನೆಯಿದ್ದವರು ಒಳಕೋಣೆಯ ಮೂಲೆಯನ್ನೇ ನೆಚ್ಚಬಹುದು. ತಾಪ ಪದೇ ಪದೇ ಏರಿಳಿದರೆ ಕೊಳವೆಯ ಗಾಳಿ ಹಿಗ್ಗಿ ನೀರನ್ನು ಹತ್ತಿಯಿಂದಾಚೆ ತಳ್ಳುತ್ತದೆ, ಮೊಟ್ಟೆಗಳು ಮುಳುಗುತ್ತವೆ. ಆದ್ದರಿಂದ ರಾಣಿಯಿರುವ ತುದಿ ಕೂದಲೆಳೆಯಷ್ಟು ಎತ್ತರದಲ್ಲಿರಲಿ.

ಎರಡನೇ ಶತ್ರು ಸಣ್ಣ ಕೆಂಪು ಇರುವೆಗಳು. ಅವು ನುಗ್ಗಿದರೆ ಒಂದು ರಾತ್ರಿಯಲ್ಲಿ ಎಳೆಯ ಸಂಸಾರ ಮುಗಿದುಹೋಗುತ್ತದೆ. ಮೇಜಿನ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡುವ ನಮ್ಮ ಹಿರಿಯರ ಪದ್ಧತಿಯೇ ಇದಕ್ಕೆ ಸಾಕು, ಮೇಜು ಗೋಡೆಗೆ ತಾಗಿರಬಾರದು. ಇರುವೆ ಕೊಲ್ಲುವ ಸೀಮೆಸುಣ್ಣವನ್ನು ಹತ್ತಿರವೂ ತರಬೇಡಿ.

ಹತ್ತಿಗೆ ಬೂಸ್ಟು ಹಿಡಿದರೆ ಗಾಬರಿ ಬೇಡ. ಹೊಸ ಕೊಳವೆ ಜೋಡಿಸಿ ಅವೇ ಸ್ಥಳ ಬದಲಿಸಲು ಬಿಡಿ. ಮೂರು-ನಾಲ್ಕು ವಾರವಾದರೂ ಮೊಟ್ಟೆಯಿಲ್ಲದಿದ್ದರೆ ಇನ್ನಷ್ಟು ಕಾಯಬೇಕು. ಗಂಡನ್ನು ಕೂಡದ ರಾಣಿಯ ಮೊಟ್ಟೆಗಳಿಂದ ಗಂಡು ಇರುವೆಗಳು ಮಾತ್ರ ಹುಟ್ಟುತ್ತವೆ, ಅಲ್ಲಿ ಸಂಸಾರ ಬೆಳೆಯದು. ಬೆಳೆದ ಗೂಡಿನ ರಾಣಿ ಸತ್ತರೆ ಅದಕ್ಕೆ ಪರಿಹಾರವಿಲ್ಲ. ಬೇರೆ ರಾಣಿಯನ್ನು ಒಳಗೆ ಬಿಟ್ಟರೆ ಕೆಲಸಗಾರರು ಅದನ್ನು ಕೊಲ್ಲುವುದೇ ಹೆಚ್ಚು. ಉಳಿದವುಗಳಿಗೆ ಕೊನೆಯವರೆಗೂ ಊಟ, ನೀರು ಕೊಡುತ್ತಿರಿ. ಸಾಕಲಾಗದ ಸಂದರ್ಭ ಬಂದರೆ ರಾಣಿಯ ಸಮೇತ ಇಡೀ ಸಂಸಾರವನ್ನು, ಆ ರಾಣಿ ಸಿಕ್ಕಿದ ಅಂಗಳದಲ್ಲೇ, ಮಳೆಯಾಗಿ ನೆಲ ಮೆತ್ತಗಾದ ದಿನ ಸಂಜೆ, ಬೇರೆ ಇರುವೆಗಳ ಓಡಾಟವಿಲ್ಲದ ಗಿಡದ ಬುಡದಲ್ಲಿ ಬಿಡಬಹುದು.