ವೈರ್ ಮೌಸಿನ ಬಾಣ ಅಡ್ಡಾದಿಡ್ಡಿ ಓಡ್ಲಾಕತ್ತದ? ಹೊಸಾದು ತರೋಕ್ಕಿಂತ ಮೊದ್ಲ ಇಷ್ಟು ನೋಡ್ರಿ

ಕಲಬುರಗಿಯಾಗ ನಂದೊಂದು ಸಣ್ಣ ಆನ್‌ಲೈನ್ ಸೆಂಟರ್ ಅದ, ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಪರೀಕ್ಷೆ ಫಾರಂ, ದಿನಾ ಇದೇ ಕೆಲಸ. ಒಂದಿನ ಒಬ್ಬಾಕಿ ಹುಡುಗಿ ಅರ್ಜಿ ತುಂಬ್ಲಾಕತ್ತಿದ್ದೆ, ಕೆಟಗರಿ ಆರಿಸೋ ಹೊತ್ತಿಗೆ ಬಾಣ ಟಕ್ ಅಂತ ಜಿಗಿದು ಕೆಳಗಿನ ಸಾಲಿನ ಮ್ಯಾಲ ಕ್ಲಿಕ್ ಆಯ್ತು, ನಂಗ ಗೊತ್ತೇ ಆಗ್ಲಿಲ್ಲ, ಬಾಜೂಕ ಕುಂತಿದ್ದ ಆಕಿನೇ "ಅಣ್ಣಾ, ಅದು ತಪ್ಪಾಯ್ತ್ರಿ" ಅಂದಳು ಅಂತ ಉಳೀತು. ಹಿಂಗಾಗಿ ಮೌಸ್ ಜಿಗಿಯೋದನ್ನ ನಾನು ಸಣ್ಣ ತ್ರಾಸ್ ಅಂತ ಬಿಡಂಗಿಲ್ಲ.

ಮೊದ್ಲ ಒಂದು ಬಿಳಿ ಎ4 ಹಾಳಿ ತೊಗೊಂಡು ಮೌಸಿನ ಕೆಳಗ ಇಡ್ರಿ. ಇಷ್ಟೇ. ಮೌಸಿನ ಹೊಟ್ಟಿಯೊಳಗ ಒಂದು ಸಣ್ಣ ಕ್ಯಾಮೆರಾ ಇರ್ತದ, ಕೆಂಪು ಲೈಟ್ ಬಿಟ್ಟು ಕೆಳಗಿನ ಮೇಜಿನ ಫೋಟೊ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೀತದ, ಒಂದು ಫೋಟೊಕ್ಕೂ ಮುಂದಿನ ಫೋಟೊಕ್ಕೂ ಎಷ್ಟು ಸರಿದದ ಅಂತ ಲೆಕ್ಕ ಹಾಕಿ ಬಾಣ ಸರಸ್ತದ. ಗಾಜಿನ ಮ್ಯಾಲ ಅದಕ್ಕ ಹಿಡಿಲಿಕ್ಕ ಗುರುತೇ ಸಿಗಂಗಿಲ್ಲ. ನಮ್ಮ ಕಡಿ ಅಂಗಡಿ ಮೇಜಿನ ಮ್ಯಾಲ ಗಾಜು ಹಾಸಿ, ಕೆಳಗ ರೇಟಿನ ಚೀಟಿ, ಶರಣಬಸವೇಶ್ವರರ ಫೋಟೊ ಇಟ್ಟಿರ್ತೀವಿ ನೋಡ್ರಿ, ನಂದೂ ಹಂಗೇ ಇತ್ತು. ಪಾಲಿಶ್ ಹೊಡದ ಫರ್ಸಿ ಕಲ್ಲಿನ ಕಟ್ಟಿ ಮ್ಯಾಲ ಇಟ್ರೂ ಕೆಲವು ಮೌಸ್ ಹಿಂಗೇ ಮಾಡ್ತಾವ. ಹಾಳಿ ಮ್ಯಾಲ ಬಾಣ ನೆಟ್ಟಗ ಹೋಯ್ತಂದ್ರ ಮೌಸಿನ ತಪ್ಪಿಲ್ಲ, ಒಂದು ಬಟ್ಟಿ ಪ್ಯಾಡ್ ತಂದು ಹಾಕ್ರಿ, ಮುಗೀತು.

ಹಾಳಿ ಇಟ್ರೂ ಕುಣಿತದ ಅಂದ್ರ ಯುಎಸ್‌ಬಿ ಕಿತ್ತಿ ಮೌಸ್ ಬೋರಲು ಹಾಕಿ ಬೆಳಕಿಗೆ ಹಿಡೀರಿ. ನಡುವಿನ ತೂತಿನಾಗ ಸಣ್ಣ ಲೆನ್ಸ್ ಕಾಣ್ತದ. ಅಲ್ಲಿ ಒಂದೇ ಒಂದು ತಲಿಗೂದಲು ಅಡ್ಡ ಬಿದ್ರೂ ಸಾಕು, ಬಾಣ ನಡುಗ್ಲಾಕ ಹತ್ತತದ. ತೊಗರಿ ರಾಶಿ ಟೈಮಿನಾಗ ನಮ್ಮಲ್ಲಿ ಹಾರೋ ಧೂಳ್ ನಿಮಗ ಗೊತ್ತೇ ಅದ, ಅದೆಲ್ಲ ಅಲ್ಲೇ ಹೋಗಿ ಕುಂತಿರ್ತದ. ಕಿವಿಗೆ ಹಾಕೋ ಹತ್ತಿ ಕಡ್ಡಿ ಒಣದು ತೊಗೊಂಡು ಹಗೂರಕ ತಿರುವಿ ತೆಗೀರಿ, ಜಿಡ್ಡು ಅಂಟಿದ್ರ ಮೊಬೈಲ್ ರಿಪೇರಿಯವರ ಹತ್ರ ಇರೋ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಒಂದು ಹನಿ ಹಚ್ಚಿ ಒರಸ್ರಿ. ನೀರು ಬ್ಯಾಡ. ಬಾಯಿಂದ ಊದೋದೂ ಬ್ಯಾಡ, ಉಗುಳಿನ ಹನಿ ಲೆನ್ಸ್ ಮ್ಯಾಲ ಕುಂತ್ರ ಮೊದಲಿಗಿಂತ ಹೆಚ್ಚು ಕೆಡ್ತದ. ಕೆಳಗಿನ ಕಾಲಿನ ಸ್ಟಿಕ್ಕರಿಗೆ ಮೆತ್ತಿದ ಕರೇ ಮಣ್ಣೂ ಉಗುರಿಂದ ಕೆರದು ಬಿಡ್ರಿ, ಆ ಮಣ್ಣಿಂದ ಮೌಸ್ ಒಂದು ಕಡಿ ಎತ್ತರ ಆಗ್ತದ.

ಇನ್ನ ವೈರ್. ಹಳೇ ಮೌಸಿನಾಗ ನಾನು ಹೆಚ್ಚು ನೋಡಿದ್ದು ಇದನ್ನೇ. ಯುಎಸ್‌ಬಿ ತಿರುಗಿ ಹಾಕಿ, ಮೌಸ್ ಮುಟ್ಟಬ್ಯಾಡ್ರಿ, ಅದನ್ನ ಹಂಗೇ ಬಿಟ್ಟು, ವೈರ್ ಮೌಸಿನ ಮೂತಿಯಿಂದ ಹೊರಗ ಬರೋ ಜಾಗ ಇರ್ತದಲ್ಲ, ಅಲ್ಲಿ ಎರಡು ಬೆರಳಿಂದ ಹಿಡದು ಅತ್ತ ಇತ್ತ ಬಗ್ಗಸ್ರಿ. ಕೆಂಪು ಲೈಟ್ ಮಿಣಕ್ ಅಂದ್ರ, ಇಲ್ಲಾ ಕಂಪ್ಯೂಟರ್ ಡಿಂಗ್ ಡಿಂಗ್ ಅಂತ ಯುಎಸ್‌ಬಿ ಕಿತ್ತಿ ಹಾಕಿದ ಸಪ್ಪಳ ಮಾಡಿದ್ರ, ಒಳಗ ತಂತಿ ಕಡದದ. ಸಾದಾ ಮೌಸಿನಾಗ ನಾಲ್ಕೇ ತಂತಿ, ಎರಡು 5 ವೋಲ್ಟ್ ಕರೆಂಟಿಗೆ, ಎರಡು ಡೇಟಾಕ್ಕ. ಬೆಸುಗಿ ಹಾಕೋರು ಗೊತ್ತಿದ್ರ ಕಡದ ತುದಿ ಕತ್ತರಿಸಿ ಜೋಡಸ್ತಾರ, ಇಲ್ಲಾಂದ್ರ ಹೊಸಾದು ತರೋದೇ ಪಾಡ. ಯುಎಸ್‌ಬಿ ತುದಿಯನ್ನೂ ಹಿಂಗೇ ಅಲ್ಲಾಡಿಸಿ ನೋಡ್ರಿ. ಹಬ್ (ಒಂದು ಪೋರ್ಟನ್ನ ಹಲವು ಮಾಡೋ ಡಬ್ಬಿ) ಬಿಟ್ಟು ಸಿಪಿಯು ಹಿಂದಿನ ಪೋರ್ಟಿಗೆ ಸೀದಾ ಹಾಕ್ರಿ, ಮುಂದಿನ ಪೋರ್ಟ್ ಪೆನ್‌ಡ್ರೈವ್ ಹಾಕಿ ತೆಗದು ಸಡ್ಲ ಆಗಿರ್ತಾವ. ಇಲ್ಲಿ ಒಂದು ಮಾತು, ಒಂದು ಸಲಕ್ಕ ಒಂದೇ ಬದಲಿ ಮಾಡ್ರಿ, ಎಲ್ಲಾ ಒಮ್ಮೆಲೇ ಬದಲಿ ಮಾಡಿದ್ರ ಯಾವುದರಿಂದ ಸರಿ ಆಯ್ತು ಅಂತ ತಿಳಿಯಂಗಿಲ್ಲ. ಇನ್ನೊಂದು ಕಂಪ್ಯೂಟರಿಗೆ ಹಾಕಿದಾಗ್ಲೂ ಹಂಗೇ ಮಾಡಿದ್ರ ಮೌಸೇ ಕೆಟ್ಟದ ಅಂತ ಗಟ್ಟಿ.

ಲ್ಯಾಪ್‌ಟಾಪ್ ಇದ್ದೋರು ಟಚ್‌ಪ್ಯಾಡ್ ಮರೀಬ್ಯಾಡ್ರಿ. ಟೈಪ್ ಮಾಡುವಾಗ ಅಂಗೈ ತಾಗಿ, ಬೇಸಗಿಯಾಗ ಬೆವರಿದ ಕೈ ತಾಗಿ ಬಾಣ ಹಾರ್ತದ, ನಾವು ಮೌಸಿಗೆ ಬೈತೀವಿ. ಸೆಟ್ಟಿಂಗ್ಸ್‌ನಾಗ ಟಚ್‌ಪ್ಯಾಡ್ ಆಫ್ ಮಾಡಿ ನೋಡ್ರಿ. ಅರ್ಥಿಂಗ್ ಸರಿ ಇಲ್ದ ಮನಿಯಾಗ ಚಾರ್ಜರ್ ಹಾಕಿದಾಗ ಅಷ್ಟೇ ಟಚ್‌ಪ್ಯಾಡ್ ನಡುಗ್ತದ, ಚಾರ್ಜರ್ ಕಿತ್ತಿದ್ರ ಸುಮ್ಮನಾಗ್ತದ. ಟಚ್‌ಪ್ಯಾಡ್ ಮ್ಯಾಲ ಉಬ್ಬಿದಂಗ ಕಂಡ್ರ ಮಾತ್ರ ಕೂಡ್ಲೇ ಬಂದ್ ಮಾಡ್ರಿ, ಅದು ಒಳಗಿನ ಬ್ಯಾಟ್ರಿ ಉಬ್ಬಿದ್ದಿರಬಹುದು, ಬೆಂಕಿ ಹತ್ತೋ ವಸ್ತು, ಚಾರ್ಜ್ ಹಾಕ್ದೇ ರಿಪೇರಿಗೆ ಒಯ್ಯಿರಿ.

ಬಾಣ ಜಿಗಿಯಂಗಿಲ್ಲ ಆದ್ರ ಒಮ್ಮೆ ಜೋರು ಒಮ್ಮೆ ಸಾವಕಾಶ ಹೋಗ್ತದ ಅಂದ್ರ ಕಂಟ್ರೋಲ್ ಪ್ಯಾನಲ್‌ನಾಗ ಮೌಸ್, ಪಾಯಿಂಟರ್ ಆಪ್ಷನ್ಸ್, ಅಲ್ಲಿ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಟಿಕ್ ತೆಗೀರಿ. ಗಾಲಿ ಹಿಂದ ಸಣ್ಣ ಡಿಪಿಐ ಬಟನ್ (ಬಾಣದ ವೇಗ ಬದಲಿಸೋದು) ಇದ್ರ ಅದು ಕೈ ತಾಗಿ ಒತ್ತಿರಬಹುದು, ಇನ್ನೊಮ್ಮೆ ಒತ್ತಿ ನೋಡ್ರಿ.

ಫಾರಂ ಅರ್ಧಕ್ಕ ಬಂದು ಕೊನೇ ದಿನ ಇದ್ದಾಗ ಮೌಸ್ ಕೈ ಕೊಟ್ರ ಗಾಬರಿ ಆಗಬ್ಯಾಡ್ರಿ. ಟ್ಯಾಬ್ ಒತ್ತಿದ್ರ ಮುಂದಿನ ಖಾನೆಗೆ ಹೋಗ್ತದ, ಶಿಫ್ಟ್ ಹಿಡದು ಟ್ಯಾಬ್ ಒತ್ತಿದ್ರ ಹಿಂದಕ್ಕ, ಡ್ರಾಪ್‌ಡೌನ್‌ನಾಗ ಮ್ಯಾಲ ಕೆಳಗ ಬಾಣದ ಕೀ, ಟಿಕ್ ಹಾಕ್ಲಿಕ್ಕ ಸ್ಪೇಸ್. ಅದೂ ಸಾಲದಂದ್ರ ಎಡಗಡಿ ಆಲ್ಟ್, ಎಡಗಡಿ ಶಿಫ್ಟ್, ನಮ್ ಲಾಕ್ ಮೂರೂ ಕೂಡಿ ಒತ್ತಿ ಯೆಸ್ (Yes) ಅನ್ರಿ, ಬಲಗಡಿ ನಂಬರ್ ಕೀಗಳಿಂದ ಬಾಣ ಸರೀತದ, 5 ಒತ್ತಿದ್ರ ಕ್ಲಿಕ್.