ಸ್ಪ್ರಿಂಗ್ ನನಗಾಗಿ ಮಾಡಿದ್ದಲ್ಲ: ಬೈಕಿನ ಕುಸಿತ ಅಳೆದ ಕಥೆ

ನನ್ನ ತೂಕ 58 ಕೆ.ಜಿ. ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಏರಿಸಿಕೊಂಡರೂ 64 ದಾಟುವುದಿಲ್ಲ. ಈ ಸಂಖ್ಯೆಗೂ ನನ್ನ ಸೊಂಟನೋವಿಗೂ ನಂಟಿದೆ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಕೊಂಡ ದಿನದಿಂದಲೂ ಬೈಕಿನ ಹಿಂಬದಿ ಒರಟಾಗಿಯೇ ಇತ್ತು. ಉಬ್ಬು ಬಂದರೆ ಸೀಟು ನನ್ನನ್ನು ಎತ್ತಿ ಒಗೆಯುತ್ತಿತ್ತು. ತಗ್ಗುದಿಣ್ಣೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತಿತ್ತು. ಸ್ಪ್ರಿಂಗಿನ ಏರಿಳಿತವನ್ನು ನಿಧಾನಿಸುವ ಡ್ಯಾಂಪಿಂಗ್ ಸ್ಕ್ರೂಗಳ ಬೆನ್ನು ಹತ್ತಿದೆ ನಾನು. ಒಂದು ವಾರ ಎರಡು ಕ್ಲಿಕ್ ಸಡಿಲ, ಮರುವಾರ ಮೂರು ಕ್ಲಿಕ್ ಬಿಗಿ. ಯಾವುದನ್ನೂ ಬರೆದಿಟ್ಟುಕೊಳ್ಳಲಿಲ್ಲವಾದ್ದರಿಂದ ಏನನ್ನೂ ಕಲಿಯಲೂ ಇಲ್ಲ. ಕೊನೆಗೆ ಹಿರಿಯ ಮೆಕಾನಿಕ್ ಒಬ್ಬರು ಬೈಕನ್ನು ಒಮ್ಮೆ ಅದುಮಿ ನೋಡಿ, "ನೀವು ಕುಳಿತಾಗ ಎಷ್ಟು ಕುಸಿಯುತ್ತದೆ, ಅಳೆದಿದ್ದೀರಾ?" ಎಂದು ಕೇಳಿದರು. ನಾನು ಅಳೆದಿರಲಿಲ್ಲ.

ಅವರು ಕೇಳಿದ್ದು ಸ್ಯಾಗ್ ಬಗ್ಗೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಸಸ್ಪೆನ್ಷನ್ ಪೂರ್ತಿ ಚಾಚಿಕೊಂಡಿರುತ್ತದೆ. ಬೈಕು ತನ್ನ ಭಾರಕ್ಕೆ ಸ್ವಲ್ಪ ಕುಸಿಯುತ್ತದೆ, ಸವಾರ ಕುಳಿತಾಗ ಇನ್ನಷ್ಟು. ಈ ಕುಸಿತ ದೋಷವಲ್ಲ, ಬೇಕೇ ಬೇಕು. ಚಕ್ರ ಉಬ್ಬನ್ನು ಹತ್ತಿದರೆ ಸಾಲದು, ಗುಂಡಿಗೆ ಇಳಿಯಲೂ ಬೇಕಲ್ಲ? ಇಳಿಯುವ ಜಾಗ ಈ ಕುಸಿತದಿಂದಲೇ ಸಿಗುತ್ತದೆ. ಸಾಮಾನ್ಯ ರಸ್ತೆಯ ಬೈಕಿಗೆ ಸವಾರನ ಸಮೇತ 30ರಿಂದ 35 ಮಿ.ಮೀ., ಬೈಕಿನ ಸ್ವಂತ ಭಾರಕ್ಕೆ 5ರಿಂದ 10 ಮಿ.ಮೀ., ಇದು ಹಿಂಬದಿಗೆ ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ.

ಅಳೆಯಲು ಮೂವರು ಬೇಕು. ಭಾವ ಹ್ಯಾಂಡಲ್ ಹಿಡಿದು ನಿಂತರು, ಮಗಳು ಅಳತೆ ಟೇಪು ಮತ್ತು ನೋಟ್‌ಬುಕ್ ಹಿಡಿದಳು, ನಾನು ಬೂಟು, ಹೆಲ್ಮೆಟ್ ಸಮೇತ ಮದುಮಗನಂತೆ ಸಿದ್ಧನಾದೆ. ಹಿಂದಿನ ಆಕ್ಸಲ್‌ನ ನೇರ ಮೇಲಕ್ಕೆ, ಸೀಟಿನ ಕೆಳಗಿನ ಪ್ಲಾಸ್ಟಿಕ್ ಮೇಲೆ ಟೇಪು ಅಂಟಿಸಿ ಪೆನ್ನಿನಿಂದ ಗೆರೆ ಎಳೆದೆವು. ಪ್ರತಿ ಸಲವೂ ಅದೇ ಗೆರೆಯಿಂದ ಆಕ್ಸಲ್ ನಡುವಿಗೆ ಅಳೆಯಬೇಕು, ಕಣ್ಣಂದಾಜು ಬೇಡ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಪ್ಯಾಡಾಕ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಎತ್ತಿ, ಇದೇ ಪೂರ್ತಿ ಚಾಚಿದ ಅಳತೆ ಎಂದುಕೊಂಡೆ. ಆ ಸ್ಟ್ಯಾಂಡ್ ಎತ್ತುವುದು ಹಿಂದಿನ ಚಕ್ರವನ್ನು ಹಿಡಿದಿರುವ ತೋಳನ್ನು, ಅಂದರೆ ಸ್ವಿಂಗ್ ಆರ್ಮನ್ನು. ಬೈಕಿನ ಭಾರ ಆಗಲೂ ಸ್ಪ್ರಿಂಗ್ ಮೇಲೆಯೇ ಕುಳಿತಿರುತ್ತದೆ. ಭಾವ ಮತ್ತು ನಾನು ಬೈಕನ್ನು ಸೈಡ್ ಸ್ಟ್ಯಾಂಡಿನ ಕಡೆಗೆ ವಾಲಿಸಿ ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿದ ಮೇಲೆ ನಿಜವಾದ ಸಂಖ್ಯೆ ಬಂತು: 562 ಮಿ.ಮೀ.

ಆಮೇಲೆ ಕುಳಿತೆ. ಎರಡೂ ಕಾಲು ಫುಟ್‌ಪೆಗ್ ಮೇಲೆ, ಓಡಿಸುವಾಗಿನ ಭಂಗಿಯಲ್ಲೇ. ಇಲ್ಲೊಂದು ಸೂಕ್ಷ್ಮವಿದೆ. ಸೀಲ್, ಬೇರಿಂಗ್‌ಗಳ ಘರ್ಷಣೆಯಿಂದಾಗಿ ಸಸ್ಪೆನ್ಷನ್ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಿಂಬದಿಯನ್ನು ಅದುಮಿ ಮೆಲ್ಲಗೆ ಏಳಲು ಬಿಟ್ಟು ಒಮ್ಮೆ, ಮೇಲೆತ್ತಿ ಮೆಲ್ಲಗೆ ಇಳಿಯಲು ಬಿಟ್ಟು ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಬೇಕು. "ಅಪ್ಪಾ, ಅಲುಗಾಡಬೇಡಿ" ಎಂದು ಮಗಳು ಗದರಿಸುತ್ತಾ ಬರೆದಳು: ಅದುಮಿ ಬಿಟ್ಟಾಗ 531, ಎತ್ತಿ ಬಿಟ್ಟಾಗ 540. ಒಂಬತ್ತು ಮಿ.ಮೀ. ಅಂತರ! ಹುಡುಗಿ ತಪ್ಪು ಓದಿದಳೆಂದು ಇನ್ನೊಮ್ಮೆ ಅಳೆಸಿದೆ. ತಪ್ಪು ಅವಳದ್ದಾಗಿರಲಿಲ್ಲ. ಆ ತೋಳನ್ನು ಸ್ಪ್ರಿಂಗಿಗೆ ಜೋಡಿಸುವ ಲಿಂಕೇಜ್ ಬಿಚ್ಚಿದರೆ ಸೂಜಿ ಬೇರಿಂಗ್‌ಗಳು ಒಣಗಿ, ಒಂದರ ಮೇಲೆ ಕಂದು ತುಕ್ಕು ಕುಳಿತಿತ್ತು; ಹಳೆಯ ಗ್ರೀಸು ಬೆರಳಿಗೆ ಅಂಟದೆ ಪುಡಿಯಾಗಿ ಉದುರಿತು. ತೊಳೆದು, ತುಕ್ಕು ಹಿಡಿದದ್ದನ್ನು ಬದಲಾಯಿಸಿ, ಹೊಸ ಗ್ರೀಸು ತುಂಬಿದ ಮೇಲೆ 535 ಮತ್ತು 539. ಸರಾಸರಿ 537, ಅಂದರೆ ಕುಸಿತ 25. ನಾನಿಲ್ಲದೆ ಬೈಕು ಮಾತ್ರ ಕುಸಿದದ್ದು 7.

ಕುತೂಹಲಕ್ಕೆ ಭಾವನನ್ನು ಕೂರಿಸಿದೆವು. ಅವರು 85 ಕೆ.ಜಿ. ಕುಸಿತ 32! ಎರಡು ವರ್ಷ ನಾನು ಅವರ ಅಳತೆಗೆ ಹೊಲಿದ ಅಂಗಿ ತೊಟ್ಟು ತಿರುಗಿದ್ದೆ.

ಇನ್ನು ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ. ಅದನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ನಾನೂ ನಂಬಿದ್ದೆ. ಆಗುವುದಿಲ್ಲ. ತಂತಿಯ ದಪ್ಪ, ಸುತ್ತುಗಳ ಸಂಖ್ಯೆ ಅವೇ ಇರುವಾಗ ಗಟ್ಟಿತನ ಬದಲಾಗುವುದಾದರೂ ಹೇಗೆ? ಪ್ರಿಲೋಡ್ ಬದಲಿಸುವುದು ಬೈಕು ನಿಲ್ಲುವ ಎತ್ತರವನ್ನು ಮಾತ್ರ. ನನ್ನ ಬೈಕು ಎತ್ತರದಲ್ಲಿ ನಿಂತಿತ್ತು, ಚಕ್ರಕ್ಕೆ ಕೆಳಗಿಳಿಯಲು ಜಾಗ ಸಾಲದೆ ಚಾಚುವಿಕೆಯ ಕೊನೆಯ ಅಂಚಿಗೆ ಬಡಿದು ನಿಲ್ಲುತ್ತಿತ್ತು. ಆ ಬಡಿತವನ್ನೇ ನಾನು ಗಡಸು ಎಂದುಕೊಂಡಿದ್ದೆ.

ಶಾಕ್‌ನ ಮೈಮೇಲೆ ಪ್ರಿಲೋಡ್ ನಟ್ ತಿರುಗುವ ತಿರುಪಿನ ಸಂದುಗಳಲ್ಲಿ ಎರಡು ವರ್ಷದ ಮಣ್ಣು ಗಟ್ಟಿಯಾಗಿತ್ತು. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಉಜ್ಜಿ, ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ಇದನ್ನು ಬಿಟ್ಟು ಆ ನಟ್ ತಿರುಗಿಸುವ ಕೊಕ್ಕೆಯಾಕಾರದ ಸಿ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ತಿರುಪು ಅರೆದುಹೋಗುತ್ತದೆ. ಮೊದಲು ಮೇಲಿನ ಲಾಕ್ ನಟ್ ಸಡಿಲಿಸಬೇಕು. ಅದು ಒಮ್ಮೆಲೇ ಬಿಟ್ಟುಕೊಂಡು ನನ್ನ ಗೆಣ್ಣು ಫ್ರೇಮಿಗೆ ತಾಗಿ ಸಿಪ್ಪೆ ಸುಲಿಯಿತು. ಮುಂದಿನ ಸಲ ಕೈಗವಸು ಹಾಕಿದೆ. ನನ್ನ ಬೈಕಿನಲ್ಲಿ ಪ್ರಿಲೋಡ್ 1 ಮಿ.ಮೀ. ಸಡಿಲಿಸಿದರೆ ಚಕ್ರದ ಬಳಿ ಸುಮಾರು 2 ಮಿ.ಮೀ. ಬದಲಾಗುತ್ತದೆ. ನನಗೆ ಬೇಕಿದ್ದದ್ದು 10 ಮಿ.ಮೀ. ಹೆಚ್ಚು ಕುಸಿತ, ಆದ್ದರಿಂದ ಪ್ರಿಲೋಡ್ ಸುಮಾರು 5 ಮಿ.ಮೀ. ಸಡಿಲವಾಗುವಷ್ಟು, ಅಂದರೆ ಮೂರೂಕಾಲು ಸುತ್ತು ಬಿಚ್ಚಿದೆ. ಮತ್ತೆ ಅಳೆದಾಗ ಸರಿಯಾಗಿ 35.

ಖುಷಿಯಿಂದ ಉಪಕರಣ ಎತ್ತಿಡುವಾಗ ಮಗಳು, "ಬೈಕಿನದ್ದು ಮಾತ್ರ ಇನ್ನೊಮ್ಮೆ ಅಳೆಯುವುದಿಲ್ಲವೇ?" ಎಂದಳು. ಅಳೆದರೆ 17. ಹತ್ತರೊಳಗೆ ಇರಬೇಕಾದದ್ದು ಹದಿನೇಳು. ಸವಾರನ ಕುಸಿತ ಸರಿಯಿದ್ದೂ ಬೈಕಿನ ಸ್ವಂತ ಕುಸಿತ ಹೆಚ್ಚಿದ್ದರೆ ಸ್ಪ್ರಿಂಗ್ ಆ ಸವಾರನಿಗೆ ಗಟ್ಟಿಯಾಯಿತು ಎಂದರ್ಥ: ಅವನ ಭಾರಕ್ಕೆ ಅದು ಸಾಕಷ್ಟು ಕುಸಿಯದ್ದರಿಂದ ಪ್ರಿಲೋಡ್ ಅತಿಯಾಗಿ ಸಡಿಲಿಸಬೇಕಾಗಿದೆ. ಸ್ವಂತ ಕುಸಿತ ಏನೂ ಇಲ್ಲದಿದ್ದರೆ ಮೆದುವಾಯಿತು ಎಂದು. ಇನ್ನು ಎಷ್ಟು ತಿರುಗಿಸಿದರೂ ಒಂದು ಸಂಖ್ಯೆ ಸರಿಯಾದರೆ ಇನ್ನೊಂದು ಕೆಡುತ್ತದೆ.

ಮುಂದಿನ ಫೋರ್ಕ್ ಇಷ್ಟು ಸತಾಯಿಸಲಿಲ್ಲ. ಮುಂದಿನ ಚಕ್ರ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗ ಕೊಳವೆಗೆ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಧೂಳಿನ ಸೀಲ್‌ವರೆಗೆ ತಳ್ಳಿ, ಕುಳಿತು ಇಳಿದರೆ ಅದು ಸರಿದ ದೂರವೇ ಲೆಕ್ಕ. ನಡುವೆ ಬ್ರೇಕ್ ಹಿಡಿದರೆ ಲೆಕ್ಕ ಹಾಳು. 31 ಇದ್ದದ್ದನ್ನು ಮೇಲಿನ ಅಡ್ಜಸ್ಟರ್ ಬಿಚ್ಚಿ 36ಕ್ಕೆ ತಂದೆ.

ಹಿಂಬದಿ 10, ಮುಂಬದಿ 5 ಇಳಿದದ್ದರಿಂದ ಹ್ಯಾಂಡಲ್ ಸ್ವಲ್ಪ ಸೋಮಾರಿಯಾಯಿತು; ತಿರುವಿನಲ್ಲಿ ಬೈಕು ಹೊರಗೆ ಎಳೆಯತೊಡಗಿತು. ಕ್ಲಾಂಪ್ ಸಡಿಲಿಸಿ ಫೋರ್ಕ್‌ನ ಎರಡೂ ಕೊಳವೆಗಳನ್ನು ಸಮನಾಗಿ 4 ಮಿ.ಮೀ. ಮೇಲಕ್ಕೆ ಸರಿಸಿದ ಮೇಲೆ ಹಳೆಯ ಚುರುಕು ಮರಳಿತು. ಚೈನಿನ ಸಡಿಲ, ಹೆಡ್‌ಲೈಟಿನ ಬೆಳಕು ಬೀಳುವ ಜಾಗ ಎರಡನ್ನೂ ಮತ್ತೆ ನೋಡಿಕೊಂಡೆ.

ಎರಡು ತಿಂಗಳ ಬಳಿಕ 85ರ ಬದಲು 70 ನ್ಯೂಟನ್ ಪ್ರತಿ ಮಿ.ಮೀ. ಸ್ಪ್ರಿಂಗ್ ಹಾಕಿಸಿದೆ. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಮುಖಕ್ಕೇ ಬರುತ್ತದೆ, ಹಾಗಾಗಿ ಆ ಕೆಲಸವನ್ನು ಸರಿಯಾದ ಕಂಪ್ರೆಸರ್ ಇದ್ದ ವರ್ಕ್‌ಶಾಪಿಗೇ ಬಿಟ್ಟೆ. ಈಗ ನಾನು ಕುಳಿತರೆ 33, ಬೈಕು ಮಾತ್ರ 12. ಹತ್ತಕ್ಕೆ ಎರಡು ಹೆಚ್ಚಾದರೂ ನನಗೆ ಸಾಕು. ಮೆದು ಸ್ಪ್ರಿಂಗ್ ಮೇಲೇಳುವ ಬಲವೂ ಕಡಿಮೆ, ಆದ್ದರಿಂದ ಅದು ಮೇಲೇಳುವ ವೇಗವನ್ನು ತಡೆಯುವ ರಿಬೌಂಡ್ ಸ್ಕ್ರೂವನ್ನು ಮೂರು ಕ್ಲಿಕ್ ಸಡಿಲಿಸಿದೆ. ಈ ಸಲ ಬರೆದಿಟ್ಟಿದ್ದೇನೆ.

ಹಳೆಯ ಸ್ಪ್ರಿಂಗನ್ನು ಎಣ್ಣೆ ಸವರಿ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಮೊನ್ನೆ ಭಾವ ಕುಳಿತು ನೋಡಿದರು: ಹೊಸ ಸ್ಪ್ರಿಂಗಿನಲ್ಲಿ ಅವರಿಗೆ 43. "ಇದು ನನಗೆ ಆಗುವುದಿಲ್ಲ ಬಿಡು" ಎಂದು ಇಳಿದರು. ಅವರು ವಾರಕ್ಕೊಮ್ಮೆ ಬೈಕು ಎರವಲು ಕೇಳುವುದು ನಿಂತಿದೆ.